ಹಬ್ಬದ ಸೇಲ್ ಮತ್ತು ಹಾಸ್ಟೆಲ್ ಜೇಬು: ಒಂದು ಸಣ್ಣ ಲೆಕ್ಕ

ಗಣೇಶನನ್ನ ನೀರಿಗೆ ಬಿಟ್ಟು ಬರೋಷ್ಟರಲ್ಲೇ ಫೋನ್ ತುಂಬ ಸೇಲ್ ನೋಟಿಫಿಕೇಶನ್ ಶುರುವಾಗುತ್ತೆ. ಆಯುಧಪೂಜೆ, ರಾಜ್ಯೋತ್ಸವ, ದೀಪಾವಳಿ ಅಂತ ಸಾಲು ಸಾಲು ಹಬ್ಬ. ಖರ್ಚೇ ಮಾಡಬೇಡಿ ಅಂತ ಹೇಳೋಕೆ ಈ ಲೇಖನ ಅಲ್ಲ. ಹಬ್ಬ ಅಂದ್ಮೇಲೆ ಖರ್ಚು ಇದ್ದೇ ಇರುತ್ತೆ. ಆದರೆ ಬೆಲೆ ಎಷ್ಟು ಇಳಿದಿದೆ ಅಂತ ನೋಡೋ ಮೊದಲು, ನಮ್ಮ ಕೈಯಲ್ಲಿ ಎಷ್ಟು ಉಳಿಯುತ್ತೆ ಅಂತ ನೋಡಬೇಕು.

1. ಮೊದಲು ಉಳಿಕೆ

ಮನೆಯಿಂದ ತಿಂಗಳಿಗೆ ₹6,000 ಬರುತ್ತೆ ಅಂತ ಇಟ್ಕೊಳ್ಳೋಣ. ಮೆಸ್, ರೀಚಾರ್ಜ್, ಜೆರಾಕ್ಸ್ ಎಲ್ಲ ಸೇರಿ ₹3,500 ಹೋಯ್ತು. ಉಳಿದದ್ದು ₹2,500. ಅದರಲ್ಲಿ ಊರಿಗೆ ಹೋಗಿ ಬರೋಕೆ ₹1,200, ಡಿಪಾರ್ಟ್‌ಮೆಂಟ್ ಆಯುಧಪೂಜೆ ಮತ್ತು ಎಥ್ನಿಕ್ ಡೇಗೆ ₹500, ಮನೆಗೆ ಒಂದು ಸ್ವೀಟ್ ಬಾಕ್ಸ್, ತಂಗಿಗೆ ಏನೋ ಒಂದು ಅಂತ ₹400. ಈಗ ಉಳಿದದ್ದು ಬರೀ ₹400. ಸೇಲ್‌ಗೆ ನಿಮ್ಮ ಹತ್ತಿರ ಇರೋ ದುಡ್ಡು ಇಷ್ಟೇ. ₹3,000ದ ಶೂ ₹1,800ಕ್ಕೆ ಸಿಕ್ಕರೆ ₹1,200 ಉಳೀತು ಅಂತೀವಿ. ಆದರೆ ಖಾತೆಯಿಂದ ₹1,800 ಹೋಗಿರುತ್ತೆ, ಒಳಗೆ ಒಂದು ರೂಪಾಯಿಯೂ ಬಂದಿರಲ್ಲ.

2. ‘ನೋ ಕಾಸ್ಟ್’ ಇಎಂಐ ಒಳಗೇನಿದೆ?

₹18,000ದ ಫೋನ್, 6 ಕಂತು, ತಿಂಗಳಿಗೆ ₹3,000. ಬಡ್ಡಿ ಇಲ್ಲ ಅಂತ ಬರೆದಿರುತ್ತೆ. ಆದರೆ ಬ್ಯಾಂಕ್ ಬಡ್ಡಿ ಹಾಕದೆ ಬಿಡಲ್ಲ. ವಾರ್ಷಿಕ ಬಡ್ಡಿ ಶೇ. 15 ಅಂದ್ಕೊಂಡರೆ ಲೆಕ್ಕ ಹೀಗೆ:

- ₹3,000ದ 6 ಕಂತಿಗೆ ಸಿಗೋ ಸಾಲ: ಸುಮಾರು ₹17,238
- ಅದರ ಮೇಲಿನ ಬಡ್ಡಿ: ₹762 (ಇಷ್ಟನ್ನು ಅಂಗಡಿಯವರು ಬೆಲೆಯಲ್ಲಿ ರಿಯಾಯಿತಿ ಅಂತ ಕಳೀತಾರೆ)
- ಕ್ರೆಡಿಟ್ ಕಾರ್ಡ್ ಆದರೆ ಬಡ್ಡಿ ಮೇಲೆ ಶೇ. 18 ಜಿಎಸ್‌ಟಿ: ₹137
- ಪ್ರೊಸೆಸಿಂಗ್ ಫೀ ₹199 ಇದ್ದರೆ ಜಿಎಸ್‌ಟಿ ಸೇರಿ: ₹235

ಅಂದರೆ ‘ನೋ ಕಾಸ್ಟ್’ಗೆ ತಗಲೋ ಕಾಸ್ಟ್ ₹372. ಪೂರ್ತಿ ದುಡ್ಡು ಕೊಟ್ಟರೆ ಬೇರೆ ರಿಯಾಯಿತಿ ಸಿಗ್ತಿದ್ದರೆ ಅದೂ ನಷ್ಟವೇ. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ, ಬಡ್ಡಿಯನ್ನ ಪ್ರೊಸೆಸಿಂಗ್ ಫೀ ಒಳಗೆ ಮುಚ್ಚಿಡ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು.

₹372 ದೊಡ್ಡದೇನಲ್ಲ ಬಿಡಿ. ಅಸಲಿ ತೊಂದರೆ ಬೇರೆ. ನಿಮ್ಮ ಉಳಿಕೆ ₹400, ಕಂತು ₹3,000. ಅಕ್ಟೋಬರ್‌ನಲ್ಲಿ ಒತ್ತಿದ ಬಟನ್ ಮಾರ್ಚ್‌ವರೆಗೂ ಬೆನ್ನು ಬಿಡಲ್ಲ. ನಡುವೆ ಪರೀಕ್ಷೆ ಫೀಸೂ ಬರುತ್ತೆ, ಪ್ರಾಜೆಕ್ಟ್ ಖರ್ಚೂ ಬರುತ್ತೆ.

3. ಸೀನಿಯರ್ ಕಾರ್ಡ್, ಸೀನಿಯರ್ ಸಾಲ

ಆಫರ್ ಇದೆ ಅಂತ ಪರಿಚಯದ ಅಣ್ಣನ ಕಾರ್ಡ್‌ನಲ್ಲಿ ಕೊಳ್ಳೋದು ನಮ್ಮಲ್ಲಿ ಮಾಮೂಲಿ. ಬ್ಯಾಂಕಿನ ಲೆಕ್ಕದಲ್ಲಿ ಆ ಸಾಲ ಅವರದ್ದೇ. ನೀವು ಕಂತು ಕೊಡೋದು ತಡವಾದರೆ, ಲೇಟ್ ಫೀ ಬೀಳೋದು ಅವರಿಗೆ. 300ರಿಂದ 900ರವರೆಗಿನ ಸಿಬಿಲ್ ಸ್ಕೋರ್ ಇಳಿಯೋದೂ ಅವರದ್ದೇ. ತಿಂಗಳಿಗೆ ಶೇ. 3.5 ಬಡ್ಡಿ ಇರೋ ಕಾರ್ಡ್ ಆದರೆ ವರ್ಷಕ್ಕೆ ಶೇ. 42 ಆಯ್ತು. ‘ಪೇ ಲೇಟರ್’ ಕೂಡ ಸಾಲವೇ, ಅದು ನಿಮ್ಮ ಹೆಸರಲ್ಲೇ ದಾಖಲಾಗಬಹುದು. ನಾಳೆ ಎಂಎಸ್‌ಗೆ ಸಾಲ ಬೇಕು ಅಂತ ಬ್ಯಾಂಕಿಗೆ ಹೋದಾಗ ಅವರು ಮೊದಲು ತೆಗೆದು ನೋಡೋದು ಇದನ್ನೇ.

4. ಮಾಡಬಹುದಾದ ಮೂರು ಕೆಲಸ

ಟಿಕೆಟ್ ಮೊದಲು: ರೈಲು ಬುಕಿಂಗ್ 60 ದಿನ ಮುಂಚೆ ತೆರೆಯುತ್ತೆ. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್‌ನಲ್ಲಿ ಮುಂಗಡ ಬುಕ್ ಮಾಡಿದರೆ ಶೇ. 5, ಹೋಗೋ ಬರೋ ಎರಡೂ ಟಿಕೆಟ್ ಒಟ್ಟಿಗೆ ಮಾಡಿಸಿದರೆ ವಾಪಸ್ ಟಿಕೆಟ್ ಮೇಲೆ ಶೇ. 10 ರಿಯಾಯಿತಿ ಕೊಡ್ತಾ ಬಂದಿದ್ದಾರೆ. ಒಂದೇ ಊರಿನ ಕಡೆಯವರು ಸೇರಿಕೊಳ್ಳಿ. ಕೊನೇ ದಿನ ಖಾಸಗಿ ಬಸ್ಸಿನ ದರ ನೋಡಿದವರಿಗೆ ಇದರ ಬೆಲೆ ಗೊತ್ತು.

ಹಬ್ಬದ ದುಡ್ಡು ಬೇರೆ: ಯುಪಿಐ ಲೈಟ್‌ನಲ್ಲಿ ಒಮ್ಮೆಗೆ ₹5,000ವರೆಗೆ ಇಡಬಹುದು. ಹಬ್ಬಕ್ಕೆ ಅಂತ ಎತ್ತಿಟ್ಟಷ್ಟನ್ನೇ ಅಲ್ಲಿಗೆ ಹಾಕಿ, ಆಟೋ ಟಾಪ್‌ಅಪ್ ಆಫ್ ಮಾಡಿ. ಪಿನ್ ಕೇಳಲ್ಲ, ದುಡ್ಡು ಬೇಗ ಜಾರುತ್ತೆ ನಿಜ. ಆದರೆ ಮುಗೀತು ಅಂದರೆ ಮುಗೀತು, ಮೆಸ್ ದುಡ್ಡಿಗೆ ಕೈ ಹೋಗಲ್ಲ.

ಎರಡು ದಿನ ಕಾರ್ಟ್‌ನಲ್ಲೇ ಇರಲಿ: ಸೇಲ್ ಶುರುವಾಗೋ ಮುಂಚೆಯೇ ಬೇಕಾದ ವಸ್ತುವಿನ ಬೆಲೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಆಗ ಶೇ. 60 ಇಳಿಕೆ ನಿಜವೋ, ಎಂಆರ್‌ಪಿ ಆಟವೋ ಗೊತ್ತಾಗುತ್ತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದನ್ನ ನಾವು ಕೇಳಿಸಿಕೊಂಡೇ ಬೆಳೆದಿದ್ದೀವಿ. ಆದರೆ ಹಾಸಿಗೆ ಎಷ್ಟು ಉದ್ದ ಇದೆ ಅಂತ ಅಳೆದವರು ಕಡಿಮೆ. ಇವತ್ತು ರಾತ್ರಿ ಹತ್ತು ನಿಮಿಷ ಕೂತು ಮೊದಲನೇ ಲೆಕ್ಕವನ್ನ ನಿಮ್ಮ ಅಂಕಿಗಳಲ್ಲಿ ಬರೀರಿ. ಕೊನೇ ಸಾಲಿನಲ್ಲಿ ಬರೋ ಸಂಖ್ಯೆಯೇ ಈ ವರ್ಷದ ನಿಮ್ಮ ಹಬ್ಬದ ಬಜೆಟ್.