ಹಳೆಯ ರೇಡಿಯೋ ಕಲಿಸಿದ ವರ್ಣಪಾಠ

ತಣಿಸಂದ್ರದ ಮನೆಯೊಂದರಿಂದ ಹಳೆಯ ರೇಡಿಯೋ ಒಂದು ನಮ್ಮ ಶಾಲೆಗೆ ಪಾಠಕ್ಕೆಂದು ದಾನವಾಗಿ ಬಂದಿತು. ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಕಾಲದ ಬಗೆಯದು. ಬಲ್ಲವರಿಂದ ಕಂಡೆನ್ಸರುಗಳಲ್ಲಿ ಉಳಿದ ವಿದ್ಯುತ್ತನ್ನು ಇಳಿಸಿ, ತೆರೆದು ನೋಡಲಾಗಿ, ಬಣ್ಣ ಬಳಿದ ಸಣ್ಣ ಕಡ್ಡಿಗಳು ಕಂಡವು. ಇವೇ ವಿದ್ಯುತ್ಪ್ರವಾಹವನ್ನು ಮಿತಗೊಳಿಸುವ ರೋಧಕಗಳು.

ಇವುಗಳಲ್ಲಿ ಬಣ್ಣವೇ ಅಂಕೆ: ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ಈಗಿನವುಗಳಲ್ಲಿ ಪಟ್ಟೆಗಳನ್ನು ಸಾಲಾಗಿ ಓದುವೆವು. ಹಳೆಯವುಗಳಲ್ಲಾದರೋ ಮೈಯ ಬಣ್ಣವು ಮೊದಲನೆಯ ಅಂಕೆ, ತುದಿಯದು ಎರಡನೆಯದು, ನಡುವಣ ಚುಕ್ಕೆಯು ಮುಂದಿಡತಕ್ಕ ಸೊನ್ನೆಗಳ ಎಣಿಕೆ. ಇನ್ನೊಂದು ತುದಿಯಲ್ಲಿ ಚಿನ್ನದ ಬಣ್ಣವಿದ್ದರೆ ನೂರಕ್ಕೆ 5ರಷ್ಟೂ, ಬೆಳ್ಳಿಯದಿದ್ದರೆ 10ರಷ್ಟೂ, ಎರಡೂ ಇಲ್ಲದಿದ್ದರೆ 20ರಷ್ಟೂ ಹೆಚ್ಚುಕಡಮೆ ಸಲ್ಲುವುದು.

ಮೈ ಹಳದಿ, ತುದಿ ನೇರಳೆ, ಚುಕ್ಕೆ ಕೆಂಪಾಗಿದ್ದ ಕಡ್ಡಿಯೊಂದನ್ನು ನಾವು ಅವಸರದಿಂದ ಎಡದಿಂದ ಬಲಕ್ಕೆ ಓದಿ, 42 ಕೋಟಿ ಓಮ್ ಎಂದು ಹಲಗೆಯ ಮೇಲೆ ಬರೆದೆವು. ಹುಡುಗಿಯೊಬ್ಬಳು ಎದ್ದು, “ಅಮ್ಮಾ, ಚುಕ್ಕೆಯನ್ನು ಕಡೆಗಲ್ಲವೇ ಓದಬೇಕು?” ಎಂದಳು. ನಿಜ, ಅದು 4,700 ಓಮ್. ಆದರೆ ಒಂದು ಕಾಲನ್ನು ಬಿಡಿಸಿ ಅಳೆದಾಗ ಮೀಟರು 6,200 ತೋರಿಸಿತು. ಹಳೆಯ ಇಂಗಾಲದ ರೋಧಕಗಳು ಬಿಸಿಯಿಂದಲೂ ತೇವದಿಂದಲೂ ಕಾಲಕ್ರಮೇಣ ಬೆಲೆ ಏರುವುದುಂಟು. ಬಣ್ಣವು ಹುಟ್ಟಿದಂದಿನ ಬೆಲೆಯನ್ನು ಹೇಳುವುದು. ಇಂದಿನದನ್ನು ಅಳೆದೇ ಅರಿಯಬೇಕು.

ಚುಕ್ಕೆಯನ್ನಾಗಲಿ ಗುರುವನ್ನಾಗಲಿ ಪರೀಕ್ಷಿಸದೆ ಒಪ್ಪದ ಈ ಅಭ್ಯಾಸವನ್ನು ತಂದೆತಾಯಿಗಳು ಮನೆಯಲ್ಲಿಯೂ ಮುನಿಯದೆ ಆದರಿಸಬೇಕೆಂದು ಬೇಡಿಕೊಳ್ಳುತ್ತೇವೆ.