ವಿಡಿಯೋ ಎಡಿಟಿಂಗ್: ಸಾಫ್ಟ್‌ವೇರ್ ಹುಡುಕೋ ಮೊದಲು ಲ್ಯಾಪ್‌ಟಾಪ್ ನೋಡಿಕೊಳ್ಳಿ

ರಾಜ್ಯೋತ್ಸವ ಕಾರ್ಯಕ್ರಮ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ: “ಎಡಿಟ್ ಮಾಡೋಕೆ ಯಾವ ಸಾಫ್ಟ್‌ವೇರ್ ಹಾಕ್ಲಿ ಮಗಾ?” ಉತ್ತರ ಕೊಡೋಕೂ ಹತ್ತು ಜನ ಸಿದ್ಧ. ಒಬ್ಬ ಪ್ರೀಮಿಯರ್ ಅಂತಾನೆ, ಇನ್ನೊಬ್ಬ ಡಾವಿಂಚಿ ಅಂತಾನೆ. ಎರಡು ದಿನ ಬಿಟ್ಟು ಕೇಳಿದರೆ, “ಲ್ಯಾಪ್‌ಟಾಪ್ ಹ್ಯಾಂಗ್ ಆಗ್ತಿದೆ ಕಣೋ, ವಿಡಿಯೋ ಮುಂದಿನ ವಾರ ನೋಡೋಣ.” ಆ ಮುಂದಿನ ವಾರ ಇಂಟರ್ನಲ್ಸ್ ಶುರುವಾಗಿರುತ್ತೆ. ವಿಡಿಯೋ ಪೆನ್‌ಡ್ರೈವ್‌ನಲ್ಲೇ ಉಳಿಯುತ್ತೆ.

ಇಲ್ಲಿ ಉತ್ತರಗಳು ತಪ್ಪಲ್ಲ, ಪ್ರಶ್ನೆ ತಲೆಕೆಳಗಾಗಿದೆ. “ಯಾವುದು ಒಳ್ಳೆಯ ಸಾಫ್ಟ್‌ವೇರ್?” ಅನ್ನುವುದಕ್ಕಿಂತ ಮೊದಲು “ನನ್ನ ಫೈಲ್ ಎಂಥದ್ದು, ನನ್ನ ಮಷಿನ್ ಎಂಥದ್ದು, ನನ್ನ ಕೆಲಸ ಏನು?” ಅಂತ ಕೇಳಿಕೊಳ್ಳಬೇಕು.

ಪ್ಲೇ ಆಗುತ್ತೆ, ಎಡಿಟ್ ಯಾಕೆ ಆಗಲ್ಲ?

ವಿಎಲ್‌ಸಿಯಲ್ಲಿ ಸರಾಗವಾಗಿ ಓಡುವ ವಿಡಿಯೋ ಎಡಿಟರ್‌ನಲ್ಲಿ ತಡವರಿಸುವುದೇಕೆ? ಸ್ವಲ್ಪ ಲೆಕ್ಕ ಹಾಕೋಣ.

1080ಪಿ ವಿಡಿಯೋದ ಒಂದು ಫ್ರೇಮ್‌ನಲ್ಲಿ 1920 × 1080 ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ 3 ಬೈಟ್ ಎಂದರೆ ಫ್ರೇಮ್‌ಗೆ ಸುಮಾರು 6.2 ಎಂಬಿ. ಸೆಕೆಂಡಿಗೆ 30 ಫ್ರೇಮ್‌ನಂತೆ ಸುಮಾರು 187 ಎಂಬಿ. ಹತ್ತು ಸೆಕೆಂಡಿಗೆ 1.9 ಜಿಬಿ ಹತ್ತಿರ! 4ಕೆ ಆದರೆ ಇದರ ನಾಲ್ಕು ಪಟ್ಟು.

ಫೋನಿನಲ್ಲಿ ಫೈಲ್ ಇಷ್ಟು ದೊಡ್ಡದಾಗಿರಲ್ಲ, ಯಾಕೆಂದರೆ ಎಚ್.264 ಅಥವಾ ಎಚ್.265 ಕೋಡೆಕ್ ಅದನ್ನು ಕುಗ್ಗಿಸಿರುತ್ತೆ. ಅಲ್ಲಿ ಎಲ್ಲ ಫ್ರೇಮ್‌ಗಳೂ ಪೂರ್ತಿಯಾಗಿ ಉಳಿಯುವುದಿಲ್ಲ. ನಡುನಡುವೆ ಒಂದೊಂದು ಪೂರ್ಣ ಚಿತ್ರ, ಅಂದರೆ ಕೀಫ್ರೇಮ್ ಇರುತ್ತೆ. ಉಳಿದವುಗಳಲ್ಲಿ ಅಕ್ಕಪಕ್ಕದ ಚಿತ್ರಗಳಿಗಿಂತ ಏನು ಬದಲಾಯಿತು ಅನ್ನುವ ಮಾಹಿತಿ ಮಾತ್ರ.

ಪ್ಲೇಯರ್ ಒಂದರ ಹಿಂದೆ ಒಂದು ಫ್ರೇಮ್ ಓದುತ್ತಾ ಹೋಗುತ್ತೆ, ಅದಕ್ಕೆ ಕಷ್ಟವಿಲ್ಲ. ಎಡಿಟಿಂಗ್ ಮಾಡುವಾಗ ನಾವು ಹಿಂದೆ ಮುಂದೆ ಎಳೆದಾಡುತ್ತೇವೆ. ಕೀಫ್ರೇಮ್ ಆದ ಮೇಲಿನ ಇಪ್ಪತ್ತೈದನೇ ಫ್ರೇಮ್ ಬೇಕು ಅಂದರೆ, ಅದು ಆತುಕೊಂಡಿರುವ ಹಿಂದಿನ ಫ್ರೇಮ್‌ಗಳನ್ನೂ ಬಿಡಿಸಿಕೊಂಡು ಬರಬೇಕು. ಅದರ ಮೇಲೆ ಎರಡನೇ ಲೇಯರ್, ಟೈಟಲ್, ಬಣ್ಣದ ಎಫೆಕ್ಟ್ ಸೇರಿದರೆ ಪ್ರೊಸೆಸರ್‌ಗೆ ಉಸಿರಾಡೋಕೂ ಪುರುಸೊತ್ತಿಲ್ಲ.

ನಿಮ್ಮ ಮಷಿನ್‌ನಲ್ಲಿ ಏನಿದೆ?

ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಭಾಗ ನೋಡಿ. ರ‍್ಯಾಮ್ ಎಷ್ಟು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆಯೋ ಇಲ್ಲವೋ, ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಮ್ಮಲ್ಲಿ ಅನೇಕರದ್ದು 8 ಜಿಬಿ ರ‍್ಯಾಮ್, ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್. ಅದರಲ್ಲಿ ಎಡಿಟಿಂಗ್ ಆಗುತ್ತೆ, ಆದರೆ ಆಯ್ಕೆ ಹುಷಾರಾಗಿ ಮಾಡಬೇಕು.

ಯಾವುದು ಯಾರಿಗೆ?

ಶಾಟ್‌ಕಟ್: ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. 8 ಜಿಬಿ ಲ್ಯಾಪ್‌ಟಾಪ್‌ನವರು ಇಲ್ಲಿಂದ ಶುರು ಮಾಡಬಹುದು. ಕತ್ತರಿಸು, ಜೋಡಿಸು, ಟೈಟಲ್ ಹಾಕು, ಹಾಡು ಸೇರಿಸು – ಇಷ್ಟಕ್ಕೆ ಧಾರಾಳ ಸಾಕು.

ಕೆಡೆನ್‌ಲೈವ್: ಇದೂ ಮುಕ್ತ ತಂತ್ರಾಂಶವೇ, ಕೆಡಿಇ ಸಮುದಾಯದ್ದು. ಹಲವು ಟ್ರ್ಯಾಕ್‌ಗಳ ಕೆಲಸಕ್ಕೆ ಅನುಕೂಲ. ನಾಟಕವನ್ನು ಮೂರು ಫೋನಿನಲ್ಲಿ ಶೂಟ್ ಮಾಡಿದ್ದೀರಿ ಅಂದರೆ ಇದು ನೋಡಿ.

ಡಾವಿಂಚಿ ರಿಸಾಲ್ವ್: ಸಿನಿಮಾದವರು ಬಣ್ಣ ತಿದ್ದಲು ಬಳಸುವ ಸಾಫ್ಟ್‌ವೇರ್. ಉಚಿತ ಆವೃತ್ತಿಯಲ್ಲೇ ಬೇಕಾದಷ್ಟಿದೆ, ವಾಟರ್‌ಮಾರ್ಕ್ ಕಾಟವೂ ಇಲ್ಲ. ಆದರೆ ಇದು ಗ್ರಾಫಿಕ್ಸ್ ಕಾರ್ಡ್ ಮೇಲೆ ಹೆಚ್ಚು ಭಾರ ಹಾಕುತ್ತೆ. 16 ಜಿಬಿ ರ‍್ಯಾಮ್ ಮತ್ತು ಪ್ರತ್ಯೇಕ ಕಾರ್ಡ್ ಇದ್ದರೆ ಖಂಡಿತ ಕಲಿಯಿರಿ. ಲಿನಕ್ಸ್ ಬಳಸುವವರಿಗೆ ಒಂದು ಎಚ್ಚರಿಕೆ: ಅಲ್ಲಿನ ಉಚಿತ ಆವೃತ್ತಿಯಲ್ಲಿ ಫೋನಿನ ಎಂಪಿ4 ಫೈಲ್‌ಗಳು ತೆರೆಯದೆ ಅನೇಕರು ಒದ್ದಾಡಿದ್ದಾರೆ. ಮೊದಲು ನಿಮ್ಮದೇ ಒಂದು ಫೈಲ್ ಹಾಕಿ ನೋಡಿ.

ಪ್ರೀಮಿಯರ್ ಪ್ರೋ: ಕೆಲಸದ ಮಾರುಕಟ್ಟೆಯಲ್ಲಿ ಬೆಲೆಯಿದೆ, ಆದರೆ ಚಂದಾ ಕಟ್ಟುತ್ತಲೇ ಇರಬೇಕು. ವರ್ಷಕ್ಕೆ ಎರಡು ಕಾರ್ಯಕ್ರಮದ ವಿಡಿಯೋ ಮಾಡುವವರಿಗೆ ಇದರ ಅಗತ್ಯವಿಲ್ಲ. “ಕ್ರ್ಯಾಕ್ ಇದೆ, ಕೊಡ್ತೀನಿ” ಅನ್ನೋ ಗೆಳೆಯ ಇದ್ದೇ ಇರುತ್ತಾನೆ. ಕ್ರ್ಯಾಕ್ ಹಾಕೋಕೆ ಮೊದಲ ಸೂಚನೆಯೇ “ಆಂಟಿವೈರಸ್ ಆಫ್ ಮಾಡಿ” ಅಂತ. ನಿಮ್ಮ ಪ್ರಾಜೆಕ್ಟ್ ರಿಪೋರ್ಟ್, ಬ್ಯಾಂಕ್ ಲಾಗಿನ್ ಎಲ್ಲ ಇರುವ ಮಷಿನ್‌ನ ಬಾಗಿಲನ್ನು ಯಾರೋ ಗೊತ್ತಿಲ್ಲದವರಿಗೆ ತೆರೆದಿಟ್ಟ ಹಾಗೆ ಅದು. ಕಾನೂನಿನ ಮಾತು ಬೇರೆ.

ಹಳೇ ಲ್ಯಾಪ್‌ಟಾಪ್‌ಗೆ ಪ್ರಾಕ್ಸಿ

ಕ್ಲಾಸಿಗೆ ಹಾಕುವ ಪ್ರಾಕ್ಸಿ ಅಲ್ಲ! ಆದರೆ ತತ್ವ ಒಂದೇ: ಒಬ್ಬರ ಬದಲು ಇನ್ನೊಬ್ಬರು. ಸಾಫ್ಟ್‌ವೇರ್ ನಿಮ್ಮ ದೊಡ್ಡ ಫೈಲ್‌ಗೆ ಚಿಕ್ಕ ಅಳತೆಯ ಒಂದು ನಕಲು ಮಾಡಿಕೊಳ್ಳುತ್ತೆ. ಟೈಮ್‌ಲೈನ್‌ನಲ್ಲಿ ನೀವು ಎಳೆದಾಡುವುದು ಆ ನಕಲನ್ನು. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲ್ ಬಂದು ಕೂರುತ್ತೆ, ಗುಣಮಟ್ಟ ಕಡಿಮೆಯಾಗಲ್ಲ. ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್ ಮೆನುವಿನಲ್ಲಿ, ಕೆಡೆನ್‌ಲೈವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಇದು ಸಿಗುತ್ತೆ. ರಿಸಾಲ್ವ್, ಪ್ರೀಮಿಯರ್‌ನಲ್ಲೂ ಇದೆ. ನಕಲು ತಯಾರಾಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಮೆಸ್‌ಗೆ ಹೋಗಿ ಊಟ ಮುಗಿಸಿ ಬನ್ನಿ.

ತುಟಿ ಒಂದು ಕಡೆ, ಮಾತು ಒಂದು ಕಡೆ

ಫೋನಿನ ವಿಡಿಯೋದಲ್ಲಿ ಫ್ರೇಮ್‌ಗಳ ವೇಗ ಒಂದೇ ಸಮ ಇರಲ್ಲ. ಸಭಾಂಗಣದಲ್ಲಿ ಬೆಳಕು ಕಡಿಮೆಯಾದಾಗ ಫೋನ್ ತಾನಾಗೇ ವೇಗ ಇಳಿಸಿಕೊಳ್ಳಬಹುದು. ಹೀಗಾದರೆ ಟೈಮ್‌ಲೈನ್‌ನಲ್ಲಿ ಶುರುವಿನಲ್ಲಿ ಸರಿಯಿದ್ದ ಮಾತು ಕೊನೆಗೆ ತುಟಿಯಿಂದ ದೂರ ಹೋಗಿರುತ್ತೆ. ಪರಿಹಾರ ಸುಲಭ. ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ತಂತ್ರಾಂಶದಲ್ಲಿ ‘ಕಾನ್ಸ್ಟಂಟ್ ಫ್ರೇಮ್‌ರೇಟ್’ ಆರಿಸಿ, ಫೈಲ್ ಬದಲಿಸಿಕೊಂಡು ಆಮೇಲೆ ಎಡಿಟಿಂಗ್‌ಗೆ ಕೂತುಕೊಳ್ಳಿ. ಶಾಟ್‌ಕಟ್ ಇಂಥ ಫೈಲ್ ಕಂಡರೆ ತಾನೇ ಕೇಳುತ್ತೆ; “ಬೇಡ” ಅಂತ ಒತ್ತಿಬಿಡಬೇಡಿ.

ಕನ್ನಡ ಅಕ್ಷರದ ಪರೀಕ್ಷೆ

ನಮ್ಮ ಸಂಘದವರಿಗೆ ಇದು ಮುಖ್ಯ. ಎಷ್ಟೇ ದೊಡ್ಡ ಸಾಫ್ಟ್‌ವೇರ್ ಆಗಲಿ, ಟೈಟಲ್‌ನಲ್ಲಿ ಒತ್ತಕ್ಷರ ಒಡೆದು ಬಿದ್ದರೆ ಏನು ಪ್ರಯೋಜನ? ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಸಾಕು. ಕನ್ನಡದಲ್ಲಿ ಒತ್ತು ಕೆಳಗೆ ಹೋಗಬೇಕು, ಅರ್ಕಾವತ್ತು ಹಿಂದಕ್ಕೆ ಬರಬೇಕು, ಗುಣಿತ ಅಕ್ಷರಕ್ಕೆ ಅಂಟಬೇಕು. ಈ ಜೋಡಣೆ ಮಾಡುವ ಭಾಗ ಸಾಫ್ಟ್‌ವೇರ್‌ನಲ್ಲಿ ಸರಿಯಿರಬೇಕು.

ಪರೀಕ್ಷೆಗೆ ನಾಲ್ಕು ಪದ ಸಾಕು: ರಾಷ್ಟ್ರೀಯ, ಕೃಷ್ಣ, ಜ್ಞಾನಾರ್ಜನೆ, ಸ್ತ್ರೀ. ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಇಟ್ಟು ಟೈಪ್ ಮಾಡಿ. ಪ್ರೀಮಿಯರ್‌ನಲ್ಲಿ ಒಡೆದು ಕಂಡರೆ ಪ್ರಿಫರೆನ್ಸಸ್‌ನಲ್ಲಿ ‘ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್’ ಆಯ್ಕೆ ಹುಡುಕಿ ಹಾಕಿ. ಯಾವುದರಲ್ಲೂ ಸರಿಹೋಗದಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಟೈಟಲ್ ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಮೇಲಿನ ಟ್ರ್ಯಾಕ್‌ನಲ್ಲಿ ಇಡಿ. ಅಕ್ಷರ ಆಗ ಬರೀ ಚಿತ್ರ, ಒಡೆಯುವ ಮಾತೇ ಇಲ್ಲ.

ಪ್ರಾಜೆಕ್ಟ್ ಫೈಲ್ ಅಂದರೆ ವಿಡಿಯೋ ಅಲ್ಲ

ಅರ್ಧ ಎಡಿಟ್ ಮಾಡಿ “ಉಳಿದದ್ದು ನೀನು ಮಾಡು” ಅಂತ ಪ್ರಾಜೆಕ್ಟ್ ಫೈಲ್ ಮಾತ್ರ ಕಳಿಸಿದರೆ ಆ ಕಡೆ ಏನೂ ಕಾಣಲ್ಲ. ಶಾಟ್‌ಕಟ್, ಕೆಡೆನ್‌ಲೈವ್‌ನ ಪ್ರಾಜೆಕ್ಟ್ ಫೈಲ್ ಒಂದು ಎಕ್ಸ್‌ಎಂಎಲ್ ಬರಹ, ನೋಟ್‌ಪ್ಯಾಡ್‌ನಲ್ಲೇ ತೆರೆದು ನೋಡಬಹುದು. ಯಾವ ಕ್ಲಿಪ್ ಎಲ್ಲಿದೆ, ಎಲ್ಲಿಂದ ಎಲ್ಲಿಗೆ ಕತ್ತರಿಸಿದೆ ಅನ್ನುವುದಷ್ಟೇ ಅದರಲ್ಲಿ. ಆದ್ದರಿಂದ ಕ್ಲಿಪ್, ಹಾಡು, ಟೈಟಲ್ ಎಲ್ಲ ಒಂದೇ ಫೋಲ್ಡರ್‌ನಲ್ಲಿಟ್ಟು, ಇಡೀ ಫೋಲ್ಡರ್ ಕೊಡಿ.

ಮೂವತ್ತು ಸೆಕೆಂಡಿನ ಪರೀಕ್ಷೆ

ಕೊನೆಗೆ ಆರಿಸುವುದು ಹೇಗೆ? ಎರಡು ಸಾಫ್ಟ್‌ವೇರ್ ಇಳಿಸಿಕೊಳ್ಳಿ. ನಿಮ್ಮದೇ ಫೋನಿನ ಎರಡು ಕ್ಲಿಪ್, ಒಂದು ಹಾಡು, ಮೇಲಿನ ನಾಲ್ಕು ಪದಗಳ ಟೈಟಲ್ ಸೇರಿಸಿ ಮೂವತ್ತು ಸೆಕೆಂಡಿನ ವಿಡಿಯೋ ಮಾಡಿ. ಎಳೆದಾಡುವಾಗ ತಡವರಿಸಿತೇ? ಅಕ್ಷರ ಸರಿಯಿದೆಯೇ? ಮಾತು ತುಟಿಗೆ ಹೊಂದಿತೇ? ಎಕ್ಸ್‌ಪೋರ್ಟ್‌ಗೆ ಎಷ್ಟು ನಿಮಿಷ ಹಿಡಿಯಿತು? ಈ ನಾಲ್ಕು ಉತ್ತರ ಬರೆದುಕೊಂಡರೆ ಆಯ್ಕೆ ತಾನಾಗೇ ಆಗುತ್ತೆ.

ಈ ಪರೀಕ್ಷೆಗೆ ಒಂದು ಸಂಜೆ ಸಾಕು. ಆದರೆ ಕಾರ್ಯಕ್ರಮ ಮುಗಿದ ಸಂಜೆ ಅಲ್ಲ, ಅದಕ್ಕೆ ಒಂದು ವಾರ ಮೊದಲು. ವೇದಿಕೆ ಮೇಲೆ ಹಾಡಿದ, ಕುಣಿದ ಜೂನಿಯರ್ ಒಬ್ಬ “ಅಣ್ಣಾ, ವಿಡಿಯೋ ಬಂತಾ? ಅಮ್ಮನಿಗೆ ಕಳಿಸ್ಬೇಕು” ಅಂತ ಬಂದು ಕೇಳಿದಾಗ “ಹ್ಯಾಂಗ್ ಆಗ್ತಿದೆ” ಅನ್ನುವ ಬದಲು ಲಿಂಕ್ ಕೊಡುವ ಹಾಗಿರಲಿ.