ದಿನದ ತೂಕವೂ ವಾರದ ತೂಕವೂ

ಮೈತೂಕವನ್ನು ಇಳಿಸಬೇಕೆಂದು ನಿಶ್ಚಯಿಸಿದವರಿಗೆ ಮೊದಲು ಎದುರಾಗುವ ಪ್ರಶ್ನೆ ಏನನ್ನು ಉಣ್ಣಬೇಕು ಎಂಬುದು. ಎರಡನೆಯದು, ಎಷ್ಟು ದಿನಕ್ಕೊಮ್ಮೆ ತೂಕ ನೋಡಿಕೊಳ್ಳಬೇಕು ಎಂಬುದು. ಮೊದಲನೆಯದಕ್ಕೆ ವೈದ್ಯರೂ ಆಹಾರತಜ್ಞರೂ ಉತ್ತರ ಹೇಳಲಿ. ಎರಡನೆಯದು ಅಳತೆಯ ಪ್ರಶ್ನೆ. ಆದುದರಿಂದ ಭೌತವಿಜ್ಞಾನದ ವಿದ್ಯಾರ್ಥಿಗೂ ಅದರಲ್ಲಿ ಪಾಲುಂಟು. ನಾವು ಪಾಠ ಹೇಳುವ ತರಗತಿಗಳಲ್ಲಿಯೇ ಎರಡು ಬಗೆಯವರನ್ನು ಕಂಡಿದ್ದೇವೆ. ನಾಲ್ಕು ದಿನ ಮಿತವಾಗಿ ಉಂಡು, ಐದನೆಯ ದಿನ ಯಂತ್ರದ ಅಂಕಿ ಅರ್ಧ ಕಿಲೋಗ್ರಾಂ ಮೇಲೇರಿದ್ದನ್ನು ಕಂಡೊಡನೆ ಎಲ್ಲವನ್ನೂ ಕೈಬಿಡುವವರು ಒಂದು ಬಗೆ. ಅದೇ ಅಂಕಿಯನ್ನು ಕಂಡು ಗಾಬರಿಗೊಂಡು, ಮರುದಿನದಿಂದ ಊಟವನ್ನೇ ಬಿಟ್ಟು, ಪ್ರಯೋಗಶಾಲೆಯಲ್ಲಿ ತಲೆಸುತ್ತಿ ಕುಳಿತುಕೊಳ್ಳುವವರು ಇನ್ನೊಂದು ಬಗೆ. ಇಬ್ಬರೂ ಒಂದು ಅಂಕಿಗೆ ಅದು ಹೇಳದಿದ್ದ ಅರ್ಥವನ್ನು ಕೊಟ್ಟವರೇ.

ತೂಕದ ಯಂತ್ರವು ನಿಜವಾಗಿ ಏನನ್ನು ಹೇಳುತ್ತದೆ? ಇದನ್ನು ತಿಳಿಯಲು ಅರಸೀಕೆರೆಯ ಸೀಮೆಯ ತೆಂಗಿನ ತೋಟದವರ ಮನೆಯ ಅಟ್ಟವನ್ನು ಹತ್ತಿ ನೋಡಬಹುದು. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ರಾಶಿ ಹಾಕಿ, ಎಂಟರಿಂದ ಹನ್ನೆರಡು ತಿಂಗಳು ಹಾಗೆಯೇ ಬಿಡುವುದು ಇಲ್ಲಿಯ ವಾಡಿಕೆ. ಒಳಗಿನ ಎಳನೀರು ಮೆಲ್ಲಮೆಲ್ಲನೆ ಆರಿಹೋಗುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಗಡಗಡ ಸದ್ದು ಮಾಡುತ್ತದೆ. ಅದೇ ಉಂಡೆ ಕೊಬ್ಬರಿ. ಹಸಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರಿರುತ್ತದೆ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ ಆರರಷ್ಟು ಮಾತ್ರ. ಈಗ ಲೆಕ್ಕ ಮಾಡೋಣ. 1000 ಗ್ರಾಂ ಹಸಿ ತಿರುಳಿನಲ್ಲಿ ಒಣಭಾಗ 500 ಗ್ರಾಂ ಎಂದಿಟ್ಟುಕೊಂಡರೆ, ಅದು ಒಣಗಿದ ಮೇಲೆ ಸುಮಾರು 530 ಗ್ರಾಂ ತೂಗುತ್ತದೆ. ತೂಕ ಅರ್ಧದ ಹತ್ತಿರಕ್ಕೆ ಇಳಿಯಿತು. ಅದರೊಳಗಿನ ಎಣ್ಣೆ ಎಷ್ಟು ಇಳಿಯಿತು? ಏನೂ ಇಳಿಯಲಿಲ್ಲ. ಮೊದಲಿದ್ದ ಮುನ್ನೂರು ನಲವತ್ತು ಗ್ರಾಂನಷ್ಟು ಎಣ್ಣೆ ಈಗಲೂ ಅಲ್ಲಿಯೇ ಇದೆ. ಹೋದದ್ದು ನೀರು. ಮಂಡಿಯ ವರ್ತಕರು ಈ ಮಾತನ್ನು ಚೆನ್ನಾಗಿ ಬಲ್ಲರು. ಹಸಿ ಉಳಿದ ಕೊಬ್ಬರಿಯನ್ನು ತೂಕಕ್ಕೆ ಕೊಂಡರೆ ನೀರಿಗೆ ಹಣ ಕೊಟ್ಟಂತೆಂದು ತಿಳಿದೇ ಅವರು ಉಂಡೆಯನ್ನು ಕಿವಿಯ ಬಳಿ ಅಲುಗಾಡಿಸಿ ನೋಡುತ್ತಾರೆ. ಆದರೆ ತಮ್ಮ ಮೈತೂಕದ ವಿಷಯದಲ್ಲಿ ಇದೇ ವಿವೇಕವನ್ನು ತೋರುವವರು ವಿರಳ.

ಮನುಷ್ಯನ ದೇಹದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ. ಯಂತ್ರದ ಮೇಲೆ ನಿಂತಾಗ ಅದು ಮೂಳೆ, ಮಾಂಸ, ಕೊಬ್ಬು, ನೀರು, ಹೊಟ್ಟೆಯಲ್ಲಿರುವ ಮುದ್ದೆ ಸಾರು, ತೊಟ್ಟ ಬಟ್ಟೆ ಇವೆಲ್ಲವನ್ನೂ ಕೂಡಿಸಿ ಒಂದೇ ಅಂಕಿಯನ್ನು ತೋರಿಸುತ್ತದೆ. ನಾವು ತಿಳಿಯಬಯಸುವುದು ಕೊಬ್ಬನ್ನು ಮಾತ್ರ. ಒಂದು ಲೀಟರು ನೀರು ಕುಡಿದರೆ ಆ ಕ್ಷಣವೇ ಒಂದು ಕಿಲೋಗ್ರಾಂ ಏರುತ್ತದೆ. ರಾತ್ರಿ ನಿದ್ರೆಯಲ್ಲಿ ಉಸಿರಿನ ಮೂಲಕವೂ ಚರ್ಮದ ಮೂಲಕವೂ ಆವಿಯಾಗಿ ಹೋಗುವ ನೀರಿನಿಂದ ಮುನ್ನೂರು ನಾನ್ನೂರು ಗ್ರಾಂ ಇಳಿಯುತ್ತದೆ.

ಈ ಕಾಣದ ಬಾಷ್ಪದ ಲೆಕ್ಕವನ್ನು ಮೊತ್ತಮೊದಲು ತಾಳ್ಮೆಯಿಂದ ಹಿಡಿದವನು ಇಟಲಿಯ ಪಾಡುವಾ ನಗರದ ವೈದ್ಯ ಸಾಂಕ್ಟೋರಿಯಸ್. ದೊಡ್ಡ ತಕ್ಕಡಿಗೆ ಕುರ್ಚಿಯೊಂದನ್ನು ತೂಗುಹಾಕಿ, ಅದರಲ್ಲಿ ಕುಳಿತು, ತಾನು ಉಂಡದ್ದನ್ನೂ ಕುಡಿದದ್ದನ್ನೂ ವಿಸರ್ಜಿಸಿದ್ದನ್ನೂ ತನ್ನನ್ನೂ ವರ್ಷಗಟ್ಟಲೆ ತೂಗಿದ ಮಹಾನುಭಾವನೀತ. 1614ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ದಿನಕ್ಕೆ 8 ಪೌಂಡು ಆಹಾರ ಪಾನೀಯಗಳು ಒಳಹೋದರೆ, ಅದರಲ್ಲಿ 5 ಪೌಂಡಿನಷ್ಟು ಕಣ್ಣಿಗೆ ಕಾಣದೆ ಹೊರಹೋಗುತ್ತದೆಂಬುದು ಅವನ ಎಣಿಕೆ. ಅಂಕಿಗಳು ಇಂದಿನ ದೃಷ್ಟಿಗೆ ಒರಟಾಗಿರಬಹುದು. ಆದರೆ ಮೈತೂಕ ನಿಂತ ನೀರಲ್ಲ, ಹರಿಯುವ ಹೊಳೆ ಎಂಬುದು ಅವನಿಗೆ ನಾಲ್ಕು ಶತಮಾನಗಳ ಹಿಂದೆಯೇ ಹೊಳೆದಿತ್ತು.

ಒಬ್ಬ ವಿದ್ಯಾರ್ಥಿಯು ಏಪ್ರಿಲ್ ತಿಂಗಳಿನಲ್ಲಿ ಅರಸೀಕೆರೆಯಿಂದ ಹೊರಟು, ಜಾವಗಲ್ ಮಾರ್ಗವಾಗಿ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಪ್ರವಾಸ ಹೋದನೆಂದು ಭಾವಿಸೋಣ. ಹೊಯ್ಸಳೇಶ್ವರ ದೇಗುಲದ ಆನೆಗಳ ಸಾಲನ್ನು ನೋಡುತ್ತ, ಕಾದ ಜಗತಿಯ ಮೇಲೆ ಬರಿಗಾಲಿನಲ್ಲಿ ಸುತ್ತು ಬಂದು, ಚೆನ್ನಕೇಶವನ ಗುಡಿಯಲ್ಲಿಯೂ ಅಷ್ಟೇ ಹೊತ್ತು ಅಲೆದಾಡಿದರೆ ಮೈ ಬೆವರದಿದ್ದೀತೆ? ಅಂಥ ಬಿಸಿಲಿನಲ್ಲಿ ಗಂಟೆಗೆ ಅರ್ಧ ಲೀಟರು ಬೆವರು ಇಳಿಯುವುದು ಸಾಮಾನ್ಯ. ಸಂಜೆ ನೀರು ಕುಡಿಯುವ ಮೊದಲು ತೂಗಿಕೊಂಡರೆ ಒಂದು ಕಿಲೋಗ್ರಾಂ ಕಡಿಮೆ ಬಂದಿರುತ್ತದೆ. ಎರಡು ಚೊಂಬು ಮಜ್ಜಿಗೆ ಕುಡಿದು ಮಲಗಿದರೆ ಮರುದಿನ ಅದು ಮರಳಿ ಬಂದಿರುತ್ತದೆ. ಇದು ಅಟ್ಟದ ಕೊಬ್ಬರಿಯ ಕಥೆಯೇ ಹೊರತು ಬೇರೆಯಲ್ಲ. ಪ್ರಸಂಗವಶಾತ್ ಇನ್ನೊಂದು ಮಾತು: ಬೇಲೂರು ಅರಸೀಕೆರೆಗಿಂತ ಸುಮಾರು ನೂರೈವತ್ತು ಮೀಟರು ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗುರುತ್ವ ಕಡಿಮೆಯಾಗುವುದರಿಂದ, ಬಲವನ್ನು ಅಳೆಯುವ ಯಂತ್ರದಲ್ಲಿ 60 ಕಿಲೋಗ್ರಾಂ ತೂಗುವವನು ಅಲ್ಲಿ ಎರಡು ಮೂರು ಗ್ರಾಂ ಹಗುರವಾಗುತ್ತಾನೆ! ಎರಡು ತಟ್ಟೆಯ ತಕ್ಕಡಿಯಲ್ಲಿ ಅಷ್ಟೂ ಕಾಣದು. ಏಕೆ ಎಂಬುದನ್ನು ವಿದ್ಯಾರ್ಥಿಗಳೇ ಯೋಚಿಸಲಿ.

ಬೆವರಿನ ಹಾಗೆ ಉಪ್ಪೂ ಅಂಕಿಯನ್ನು ಅಲುಗಿಸುತ್ತದೆ. ದೇಹದ ದ್ರವಗಳಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿಗೆ ಸಮನಾದ ಸಾಂದ್ರತೆ ಇರಬೇಕು. ಮದುವೆಯೂಟದಲ್ಲಿ ಉಪ್ಪಿನಕಾಯಿ, ಹಪ್ಪಳಗಳಿಂದ 5 ಗ್ರಾಂ ಉಪ್ಪು ಹೆಚ್ಚಾಗಿ ಸೇರಿದರೆ, ಮೂತ್ರಪಿಂಡಗಳು ಅದನ್ನು ಹೊರಹಾಕುವ ತನಕ, ಅಂದರೆ ಒಂದೆರಡು ದಿನ, ಅರ್ಧ ಲೀಟರಿಗೂ ಮಿಕ್ಕು ನೀರು ಅದರೊಡನೆ ನಿಲ್ಲುತ್ತದೆ. ಇನ್ನು ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟರೂಪದ ದಾಸ್ತಾನು ಅರ್ಧ ಕಿಲೋಗ್ರಾಂನಷ್ಟಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಥ್ಯದ ಮೊದಲ ವಾರದಲ್ಲಿ ಈ ದಾಸ್ತಾನು ಕರಗಿದಾಗ ಒಂದೂವರೆ ಎರಡು ಕಿಲೋಗ್ರಾಂ ಥಟ್ಟನೆ ಇಳಿಯುವುದುಂಟು. ಹಿಗ್ಗಿದವರು ಎರಡನೆಯ ವಾರ ಇಳಿತ ನಿಂತಿತೆಂದು ಕುಗ್ಗುತ್ತಾರೆ. ಮೊದಲ ವಾರದ ಹಿಗ್ಗೂ ಎರಡನೆಯ ವಾರದ ಕುಗ್ಗೂ ನಿರಾಧಾರವಾದುವು.

ನೀರಿನ ತೂಕ ಹೇಗೆ ಒಂದೇ ಇರುಳಿನಲ್ಲಿ ಬದಲಾಗುತ್ತದೆಂಬುದಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಸಾಕ್ಷಿ. 50 ಕಿಲೋಗ್ರಾಂ ವರ್ಗದ ಕುಸ್ತಿಪಟು ವಿನೇಶ್ ಫೋಗಟ್ ಮೊದಲ ದಿನದ ತೂಕದಲ್ಲಿ ತೇರ್ಗಡೆಯಾಗಿ ಮೂರು ಪಂದ್ಯಗಳನ್ನು ಗೆದ್ದರು. ಮರುದಿನ ಬೆಳಿಗ್ಗೆ, ರಾತ್ರಿಯೆಲ್ಲ ಬೆವರಿಳಿಸಿದರೂ, 100 ಗ್ರಾಂ ಹೆಚ್ಚು ಬಂದು ಅನರ್ಹರಾದರು. ಆ ನೂರು ಗ್ರಾಂ ಕೊಬ್ಬಿನದಲ್ಲ ಎಂಬುದು ಸ್ಪಷ್ಟ.

ಹಾಗಾದರೆ ಕೊಬ್ಬು ದಿನಕ್ಕೆ ಎಷ್ಟು ಕರಗುತ್ತದೆ? ಒಂದು ಕಿಲೋಗ್ರಾಂ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಶಕ್ತಿ ಅಡಗಿದೆ. ದಿನಕ್ಕೆ 500 ಕಿಲೊಕ್ಯಾಲೊರಿ ಕಡಿಮೆ ಉಂಡರೆ, ಅಥವಾ ಅಷ್ಟನ್ನು ಹೆಚ್ಚಾಗಿ ವ್ಯಯಿಸಿದರೆ, ಕರಗುವುದು ದಿನಕ್ಕೆ 65 ಗ್ರಾಂ. ವಾರಕ್ಕೆ 450 ಗ್ರಾಂ. (ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆಂದು ಕೇಳುವವರಿಗೆ: ಅದರ ಹತ್ತು ಭಾಗದಲ್ಲಿ ಎಂಟಕ್ಕೂ ಹೆಚ್ಚು ಭಾಗ ಇಂಗಾಲದ ಡೈಆಕ್ಸೈಡಾಗಿ ಉಸಿರಿನಲ್ಲಿ ಹೊರಬೀಳುತ್ತದೆ, ಉಳಿದದ್ದು ನೀರಾಗುತ್ತದೆ.) ಒಂದು ಕಡೆ ದಿನಕ್ಕೆ 65 ಗ್ರಾಂನ ನಿಜವಾದ ಇಳಿತ, ಇನ್ನೊಂದು ಕಡೆ ದಿನದಿಂದ ದಿನಕ್ಕೆ ಅರ್ಧ ಕಿಲೋಗ್ರಾಂ, ಕೆಲವೊಮ್ಮೆ ಒಂದು ಕಿಲೋಗ್ರಾಂ ಆಚೀಚೆ ತೂಗಾಡುವ ನೀರು. ಜಾತ್ರೆಯ ಗದ್ದಲದಲ್ಲಿ ಪಿಸುಮಾತನ್ನು ಕೇಳಿಸಿಕೊಳ್ಳಬೇಕಾದ ಸ್ಥಿತಿ ಇದು.

ಪಿಸುಮಾತನ್ನು ಹಿಡಿಯುವ ಉಪಾಯ ಸರಾಸರಿ. ಒಬ್ಬನು ಎರಡು ವಾರ ಪ್ರತಿದಿನ ತೂಕ ಬರೆದಿಟ್ಟನೆಂದು ಕಲ್ಪಿಸೋಣ. ಮೊದಲ ವಾರ ಭಾನುವಾರದಿಂದ ಶನಿವಾರದವರೆಗೆ ಕಿಲೋಗ್ರಾಂಗಳಲ್ಲಿ 72.4, 71.9, 72.6, 73.1, 72.3, 71.8, 72.5. ಎರಡನೆಯ ವಾರ 71.9, 72.6, 71.7, 72.0, 71.4, 72.1, 71.8. ಇವನು ಶುಕ್ರವಾರಗಳಂದು ಮಾತ್ರ ತೂಗಿಕೊಂಡಿದ್ದರೆ, 71.8 ಇದ್ದದ್ದು 72.1 ಆಗಿ 300 ಗ್ರಾಂ ಏರಿತೆಂದು ದುಃಖಿಸುತ್ತಿದ್ದನು. ಶನಿವಾರಗಳಂದು ಮಾತ್ರ ತೂಗಿಕೊಂಡಿದ್ದರೆ 700 ಗ್ರಾಂ ಇಳಿಯಿತೆಂದು ಹೋಳಿಗೆ ತಿನ್ನುತ್ತಿದ್ದನು. ವಾರದ ಸರಾಸರಿಗಳು 72.37 ಮತ್ತು 71.93, ವ್ಯತ್ಯಾಸ 440 ಗ್ರಾಂ. ನಿಜ ಇರುವುದು ಇದರ ಹತ್ತಿರ.

ಸಂಖ್ಯಾಶಾಸ್ತ್ರವನ್ನು ಬಲ್ಲ ಕಾಲೇಜು ವಿದ್ಯಾರ್ಥಿಗಳು ಇದನ್ನು ಇನ್ನೂ ಖಚಿತವಾಗಿ ಹೇಳಬಲ್ಲರು. ದಿನದ ಏರಿಳಿತದ ಮಾನಕ ವಿಚಲನೆ 500 ಗ್ರಾಂ ಎಂದು ಇಟ್ಟುಕೊಳ್ಳೋಣ. ಎರಡು ಬಿಡಿ ಅಳತೆಗಳ ವ್ಯತ್ಯಾಸದಲ್ಲಿ ಅದು 2ರ ವರ್ಗಮೂಲದಷ್ಟು ಪಟ್ಟು ಹೆಚ್ಚಿ 700 ಗ್ರಾಂ ಆಗುತ್ತದೆ. ನಿನ್ನೆಗೂ ಇಂದಿಗೂ ಹೋಲಿಸಿದರೆ, 65 ಗ್ರಾಂ ತಪ್ಪದೆ ಇಳಿಯುತ್ತಿರುವವನಿಗೂ ನೂರರಲ್ಲಿ 46 ದಿನ ತೂಕ ಏರಿದಂತೆ ಕಾಣುತ್ತದೆ. ನಾಣ್ಯ ಚಿಮ್ಮಿದಂತೆಯೇ ಸರಿ. ವಾರಕ್ಕೊಮ್ಮೆ ತೂಗಿದರೆ ನಾಲ್ಕು ವಾರಗಳಲ್ಲಿ ಒಂದು ವಾರ ತಪ್ಪು ಸುದ್ದಿ ಬರುತ್ತದೆ. ಏಳು ದಿನಗಳ ಸರಾಸರಿ ತೆಗೆದರೆ ವಿಚಲನೆ 7ರ ವರ್ಗಮೂಲದಿಂದ ಭಾಗವಾಗಿ 190 ಗ್ರಾಂಗೆ ಇಳಿಯುತ್ತದೆ. ಎರಡು ಸರಾಸರಿಗಳನ್ನು ಹೋಲಿಸಿದಾಗ ತಪ್ಪು ಸುದ್ದಿ ಇಪ್ಪತ್ತು ವಾರಗಳಲ್ಲಿ ಒಂದು ಮಾತ್ರ. ಒಂದು ದಿನದ ಉಪ್ಪು ಮರುದಿನವೂ ಉಳಿಯುವುದರಿಂದ ಈ ಏಳು ಅಳತೆಗಳು ಪೂರ್ಣ ಸ್ವತಂತ್ರವಲ್ಲ. ಆದುದರಿಂದ ವಾಸ್ತವದಲ್ಲಿ ಲಾಭ ಸ್ವಲ್ಪ ಕಡಿಮೆ. ನಾಲ್ಕು ವಾರಗಳ ಅಂತರದ ಸರಾಸರಿಗಳನ್ನು ಹೋಲಿಸಿದರಂತೂ ಇಳಿತ 1,800 ಗ್ರಾಂ ಆಗುವುದರಿಂದ ಸಂಶಯಕ್ಕೆ ಎಡೆಯೇ ಇಲ್ಲ.

ಆದುದರಿಂದ ನಮ್ಮ ಉತ್ತರ ಹೀಗೆ: ಮನಸ್ಸಿಗೆ ತೊಂದರೆಯಾಗದಿದ್ದರೆ ಪ್ರತಿದಿನ ತೂಗಿ ಬರೆಯಿರಿ, ಆದರೆ ತೀರ್ಮಾನವನ್ನು ವಾರಕ್ಕೊಮ್ಮೆ ಸರಾಸರಿಯಿಂದ ಮಾತ್ರ ಮಾಡಿರಿ. ದಿನವೂ ಸಾಧ್ಯವಿಲ್ಲದವರು ವಾರಕ್ಕೊಮ್ಮೆ ಒಂದೇ ವಾರ, ಒಂದೇ ಹೊತ್ತಿನಲ್ಲಿ ತೂಗಿ, ತಿಂಗಳು ಕಳೆಯುವ ತನಕ ತೀರ್ಪು ಕೊಡದಿರಲಿ. ದಿನಕ್ಕೆ ಎರಡು ಮೂರು ಸಲ ತೂಗುವುದು ಊಟ ನೀರುಗಳನ್ನು ತೂಗಿದಂತೆ, ಅದರಿಂದ ಪ್ರಯೋಜನವಿಲ್ಲ. ಹಿಂದೆ ರೈಲ್ವೆ ನಿಲ್ದಾಣಗಳಲ್ಲಿ ನಾಣ್ಯ ಹಾಕಿದರೆ ತೂಕವನ್ನೂ ಬೆನ್ನಿನಲ್ಲಿ ಭವಿಷ್ಯವನ್ನೂ ಅಚ್ಚುಮಾಡಿದ ಚೀಟಿ ಕೊಡುವ ಯಂತ್ರಗಳಿರುತ್ತಿದ್ದುವು. ತೂಕ ಇಳಿಯುತ್ತಿದೆಯೇ ಎಂಬ ಪ್ರಶ್ನೆಗೆ ಅಂಥ ಒಂಟಿ ಚೀಟಿಯ ಎರಡು ಮುಖಗಳೂ ಸಮಾನ ಬೆಲೆಯವು.

ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ದಾಖಲೆಯೊಂದರಲ್ಲಿ, ಹದಿಮೂರು ಕಿಲೋಗ್ರಾಂಗೂ ಹೆಚ್ಚು ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರ ವಿವರಗಳಿವೆ. ಅವರಲ್ಲಿ ಮುಕ್ಕಾಲು ಪಾಲು ಜನ ವಾರಕ್ಕೆ ಒಮ್ಮೆಯಾದರೂ ತೂಗಿಕೊಳ್ಳುವವರು. ಗೆದ್ದವರನ್ನು ಮಾತ್ರ ಕೇಳಿ ಬರೆದ ದಾಖಲೆಯಾದ್ದರಿಂದ ಇದನ್ನೇ ಪ್ರಮಾಣವೆನ್ನಲಾಗದು. ಆದರೆ 2006ರಲ್ಲಿ ಪ್ರಕಟವಾದ, ತೂಕ ಇಳಿಸಿಕೊಂಡಿದ್ದ 314 ಜನರ ಪ್ರಯೋಗದಲ್ಲಿಯೂ, ಮಾರ್ಗದರ್ಶನದೊಡನೆ ದಿನವೂ ತೂಗಿಕೊಂಡವರಲ್ಲಿ ತೂಕ ಮರಳಿ ಏರುವುದು ಕಡಿಮೆ ಕಂಡಿತು.

ಅಳತೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಬೆಳಿಗ್ಗೆ ಎದ್ದು, ಮಲಮೂತ್ರ ವಿಸರ್ಜನೆಯ ಅನಂತರ, ಏನನ್ನೂ ಕುಡಿಯುವ ಮುನ್ನ, ಹಗುರವಾದ ಒಂದೇ ಬಗೆಯ ಉಡುಪಿನಲ್ಲಿ, ಸಮತಟ್ಟಾದ ಗಟ್ಟಿ ನೆಲದ ಮೇಲಿಟ್ಟ ಅದೇ ಯಂತ್ರದಲ್ಲಿ ನಿಲ್ಲಬೇಕು. ಸ್ತ್ರೀಯರಲ್ಲಿ ಮಾಸಿಕ ಋತುಚಕ್ರದೊಡನೆ ನೀರು ನಿಲ್ಲುವುದೂ ಇಳಿಯುವುದೂ ಇರುವುದರಿಂದ, ಈ ವಾರವನ್ನು ಕಳೆದ ವಾರದೊಡನೆ ಹೋಲಿಸುವುದಕ್ಕಿಂತ ಕಳೆದ ಚಕ್ರದ ಅದೇ ವಾರದೊಡನೆ ಹೋಲಿಸುವುದು ಲೇಸು. ತಿಂಗಳಿಗೊಮ್ಮೆ ಟೇಪಿನಿಂದ ಸೊಂಟದ ಸುತ್ತಳತೆಯನ್ನೂ ಬರೆದುಕೊಳ್ಳಬಹುದು; ನೀರಿನ ಆಟ ಅಲ್ಲಿ ಅಷ್ಟಾಗಿ ನಡೆಯದು.

ಹೈಸ್ಕೂಲು ವಿದ್ಯಾರ್ಥಿಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೆಳೆಯುವ ವಯಸ್ಸಿನಲ್ಲಿ ತೂಕ ಏರುವುದು ಬೆಳವಣಿಗೆಯ ಲಕ್ಷಣ. ಇಳಿಸಬೇಕೋ ಬೇಡವೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅಂಕಿಯನ್ನು ನೋಡಿದ ದಿನ ಊಟ ಸೇರದವರೂ, ಮತ್ತೆ ಮತ್ತೆ ನೋಡದೆ ಇರಲಾರದವರೂ ಯಂತ್ರವನ್ನು ಮನೆಯಿಂದ ಹೊರಗಿಟ್ಟು, ಮನೆಯವರಿಗೋ ವೈದ್ಯರಿಗೋ ಆ ವಿಷಯ ತಿಳಿಸಬೇಕು. ಅಂಥವರಿಗೆ ಸರಾಸರಿಯ ಲೆಕ್ಕವೂ ಬೇಡ.

ಉಳಿದವರು ಒಂದು ಗ್ರಾಫ್ ಹಾಳೆಯಲ್ಲಿ ದಿನದ ತೂಕಗಳನ್ನು ಚುಕ್ಕೆಗಳಾಗಿಯೂ ವಾರದ ಸರಾಸರಿಗಳನ್ನು ಗೆರೆಯಾಗಿಯೂ ಬರೆದು ನೋಡಬಹುದು. ಯಂತ್ರವೇ ಸರಿಯಿಲ್ಲವೆಂಬ ಸಂಶಯ ಬಂದರೆ, ಒಡೆಯದ 10 ಕಿಲೋಗ್ರಾಂ ಅಕ್ಕಿಯ ಚೀಲದೊಡನೆ ಒಮ್ಮೆ, ಚೀಲವಿಲ್ಲದೆ ಒಮ್ಮೆ ಅದರ ಮೇಲೆ ನಿಂತು ವ್ಯತ್ಯಾಸವನ್ನು ಗುರುತಿಸಿಕೊಳ್ಳಿರಿ. ವ್ಯತ್ಯಾಸ 10ರ ಬದಲು 10.2 ಬಂದು, ಮುಂದಿನ ತಿಂಗಳೂ 10.2ನ್ನೇ ತೋರಿಸಿದರೆ ಯಂತ್ರವನ್ನು ಎಸೆಯಬೇಕಾಗಿಲ್ಲ. ಒಂದೇ ಸಮನಾದ ಇಷ್ಟು ಸಣ್ಣ ತಪ್ಪು ಇಳಿತದ ಲೆಕ್ಕವನ್ನು ನೂರಕ್ಕೆ ಎರಡರಷ್ಟು ಮಾತ್ರ ಕೆಡಿಸುತ್ತದೆ. ಒಂದು ತಿಂಗಳು 10.2, ಇನ್ನೊಂದು ತಿಂಗಳು 9.6 ತೋರಿಸಿದರೆ ಮಾತ್ರ ಬೇರೆ ಯಂತ್ರವನ್ನು ಹುಡುಕಬೇಕು. ಆಗ ಹಳೆಯ ಗೆರೆಯನ್ನು ಅಲ್ಲಿಗೇ ನಿಲ್ಲಿಸಿ, ಹೊಸ ಹಾಳೆಯಲ್ಲಿ ಹೊಸ ಗೆರೆಯನ್ನು ಆರಂಭಿಸತಕ್ಕದ್ದು.